ಸುಮ್ಮಿಯನ್ನು ಹುಟ್ಟಿಸಿದ ಸಿಸ್ಟರ್

ಸಿಸ್ಟರ್ ತೀರಿಕೊಂಡ ಸುದ್ದಿ ಬಂದ ವಾರದಲ್ಲೇ ಅವರು ನೌಕರಿ ಮಾಡಿದ ಊರಿನವರು ಗುಡಿಯ ಕಟ್ಟೆಯ ಮುಂದೆ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಫೋಟೋಕ್ಕೆ ಹಾರ, ಎರಡು ಊದಿನಕಡ್ಡಿ, ಕಿರ್ರೆನ್ನುವ ಮೈಕು. ಮರಾಠಿಯಲ್ಲಿ ಮಾತಾಡಿದವರೂ ಕನ್ನಡದಲ್ಲಿ ಮಾತಾಡಿದವರೂ ಹೇಳಿದ್ದು ಒಂದೇ: ಸೇವೆಯ ಮೂರ್ತಿ, ದಣಿವು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಕೇಳುತ್ತ ಕೂತ ನನಗೆ ಒಳಗೊಳಗೇ ಸಿಟ್ಟು ಬರತೊಡಗಿತು. ನಾನು ಈ ಜನ್ಮದಲ್ಲಿ ಕಂಡ ಅತ್ಯಂತ ದಣಿದ ಹೆಂಗಸು ಅವರು. "ಅಕ್ಕೋರ, ನೀವೂ ನಾಕ ಮಾತ ಹೇಳ್ರಿ" ಅಂತ ಮೈಕು ನನ್ನ ಕಡೆ ಬಂದಾಗ ಮಂಡಿನೋವಿನ ನೆಪ ಹೇಳಿ ಕೂತಲ್ಲೇ ಕೈ ಮುಗಿದೆ. ಹೇಳುವುದಿದ್ದರೆ ನಾನು ಎಲ್ಲೂ ಇಲ್ಲದ ಪ್ರಾಣಿಗಳ ವಿಷಯ ಹೇಳಬೇಕಾಗಿತ್ತು. ಸತ್ತವರ ಫೋಟೋದ ಮುಂದೆ ನಿಂತು ಅದನ್ನು ಹೇಳಿದರೆ ಅಕ್ಕೋರಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬೇಡ. ಇದ್ದಾಗಲೂ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಬೆಳುಂಕಿಗಿಂತ ಈಚೆಗಿನ ಒಂದು ಊರಿನ ಆರೋಗ್ಯ ಉಪಕೇಂದ್ರದಲ್ಲಿ ಅವರು ನರ್ಸ್. ನಾನು ಬೆಳುಂಕಿಯ ಕನ್ನಡ ಸಾಲೆಯಲ್ಲಿ ಶಿಕ್ಷಕಿ. ಇಬ್ಬರ ಮನೆಯೂ ಜತ್ತದಲ್ಲಿ. ಮುಂಜಾನೆ ಸ್ಟ್ಯಾಂಡಿನ ಹೊರಗೆ ನಿಲ್ಲುವ ದಸ್ತಗೀರನ ಜೀಪಿನಲ್ಲಿ ಹೋಗಿ ಸಂಜೆ ಅದರಲ್ಲೇ ಮರಳುತ್ತಿದ್ದೆವು. ನಮ್ಮ ಕಡೆ ಇಂಥ ಜೀಪಿಗೆ ವಡಾಪ ಅನ್ನುತ್ತಾರೆ. ಅದಕ್ಕೆ ಗಡಿಯಾರದ ಹಂಗಿಲ್ಲ, ಸೀಟು ತುಂಬಿದರೆ ಹೊರಟಿತು, ಇಲ್ಲದಿದ್ದರೆ ಇಲ್ಲ. ಆ ಕಾಯುವ ಹೊತ್ತಿನಲ್ಲಿ ಜತ್ತದ ಅರ್ಧ ಸಂಸಾರಗಳ ಸುದ್ದಿ ನಮ್ಮ ನಡುವೆ ಹಾದುಹೋಗುತ್ತಿತ್ತು.

ಗಿಡ್ಡನೆಯ ಮೈ, ಬೇಸಿಗೆಯಲ್ಲೂ ಬಿಡದ ಬೂದುಬಣ್ಣದ ಸ್ವೆಟರ್, ಕಂಕುಳಲ್ಲಿ ಲಸಿಕೆಯ ನೀಲಿ ಡಬ್ಬಿ. ಮಾತಾಡುವಾಗ ಎದುರಿನವರ ಮಣಿಕಟ್ಟು ಹಿಡಿದುಕೊಳ್ಳುವುದು ಅವರ ರೂಢಿ. ನಾನು ನನ್ನ ಗಂಡನ ಮೇಲೆ ಚಾಡಿ ಹೇಳುವಾಗಲೂ ನನ್ನ ನಾಡಿ ಅವರ ಬೆರಳಿನ ಕೆಳಗೆ ಇರುತ್ತಿತ್ತು. ಆದರೆ ಜೀಪಿನಲ್ಲಿ ಯಾರಾದರೂ ನಾಲಿಗೆ ಚಾಚಿದರೆ, ಕೆಮ್ಮಿ ತೋರಿಸಿದರೆ, ಗುಳಿಗೆಯ ಹಾಳೆ ಕಣ್ಣಿಗೆ ಹಿಡಿದರೆ ಮುಖ ತಿರುಗಿಸಿಬಿಡುತ್ತಿದ್ದರು.

"ಗಾಡ್ಯಾಗ ನಾ ಸಿಸ್ಟರ ಅಲ್ಲರಿ. ಇಳದ ಮ್ಯಾಲೆ ಕೇಳ್ರಿ."

ಸೊಕ್ಕು ಅಂತ ಕೆಲವರು ಆಡಿಕೊಂಡರು. ಮೊದಮೊದಲು ನನಗೂ ಹಾಗೇ ಅನ್ನಿಸಿತ್ತು.

ಒಂದು ಮುಂಜಾನೆ, ಜೀಪು ತುಂಬಲು ಇನ್ನೂ ಮೂರು ಸೀಟು ಬಾಕಿ ಇದ್ದಾಗ, ಅವರು ತಮ್ಮ ಮಗಳ ಸುದ್ದಿ ತೆಗೆದರು. ಮಗಳು ಸಾಂಗ್ಲಿಯಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು.

"ಮೊಬೈಲ್‌ನ್ಯಾಗ ಒಂದು ಆಟ ಆಡತಾಳ್ರಿ ಅಕ್ಕೋರ. ಎಲ್ಲೆಲ್ಲೀದೋ ಮಂದಿ ಕೂಡಿ ಒಂದು ಸುಳ್ಳ ಭೂಮಿ ಮಾಡ್ಯಾರಂತ. ಅದರಾಗ ಸುಳ್ಳ ಪ್ರಾಣಿ. ಒಬ್ಬರು ಮಾಡಿದ ಪ್ರಾಣಿಗೆ ಇನ್ನೊಬ್ಬರು ಮರಿ ಮಾಡತಾರ. ಆ ಮರಿ ಅವ್ವನ್ಹಂಗ ಇರೂದಿಲ್ಲ, ಒಂದೀಟ ಬ್ಯಾರೆ. ಅದರ ಮರಿ ಇನ್ನೊಂದೀಟ ಬ್ಯಾರೆ. ಹಂಗ ಬೆಳಕೋತ ಹೊಂಟೈತಂತ. ನಮ್ಮಾಕಿ ಒಂದು ಹುಳ ಮಾಡಿದ್ಲಂತ, ಯಾವನೋ ಪರದೇಶದಾವ ಅದಕ್ಕ ರೆಕ್ಕಿ ಹಚ್ಯಾನ."

"ಪರೀಕ್ಷಾಕ್ಕ ಏನ ಉಪಯೋಗ ಅದು?" ಅಂದೆ. ಮಾಸ್ತರಿಕೆಯ ಬಾಯಿ, ಬೇರೆ ಏನು ಬರಬೇಕು.

"ಏನೂ ಇಲ್ಲರಿ. ಅದಕ್ಕ ನನಗ ಚಲೋ ಅನಸ್ತು. ನಾವೂ ಮಾಡೂಣೇನು?"

ಹೀಗೆ ಶುರುವಾಯಿತು. ಆಡುವವರು ನಾಲ್ವರು. ಸಿಸ್ಟರ್, ನಾನು, ಸ್ಟೇರಿಂಗ್ ಹಿಡಿದ ದಸ್ತಗೀರ ಮತ್ತು ಅವನ ಪಕ್ಕದ ಸೀಟಿನ ಬೀರಪ್ಪಕಾಕಾ. ಕಾಕಾ ಜೀವಮಾನವೆಲ್ಲ ಕುರಿ ಕಾದವರು. ಕುರಿಗಳನ್ನು ಬೆಳುಂಕಿಯಲ್ಲಿರುವ ಮಗನಿಗೆ ಒಪ್ಪಿಸಿ ಜತ್ತದಲ್ಲಿ ಮಗಳ ಮನೆಯಲ್ಲಿದ್ದರು, ಆದರೆ ದಿನಾ ಒಮ್ಮೆ ಕುರಿಯ ಮುಖ ನೋಡದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಉಳಿದ ಪ್ರಯಾಣಿಕರು ಹತ್ತುವವರು, ಇಳಿಯುವವರು. ನಾವು ಆಡುವುದನ್ನು ಕೇಳಿ ಕೆಲವರು ನಗುತ್ತಿದ್ದರು, ಕೆಲವರು ತಮ್ಮ ಊರು ಬರುವ ಮೊದಲೇ ಇಳಿದುಬಿಡುತ್ತಿದ್ದರು.

ಕಾಯಿದೆಗಳನ್ನೆಲ್ಲ ಸಿಸ್ಟರೇ ಮಾಡಿದರು. ತಾನು ಹುಟ್ಟಿಸಿದ ಪ್ರಾಣಿಗೆ ತಾನು ಕೈ ಹಚ್ಚುವಂತಿಲ್ಲ, ಅದರ ಮರಿಯನ್ನು ಮತ್ತೊಬ್ಬರೇ ಮಾಡಬೇಕು. ಒಂದು ಅಂಗ ಕೊಟ್ಟರೆ ಒಂದನ್ನು ಕಸಿಯಬೇಕು, ಪುಕ್ಕಟೆ ಏನೂ ಇಲ್ಲ. ಆಮೇಲೆ ಎಲ್ಲಕ್ಕಿಂತ ದೊಡ್ಡದು: ಅಲ್ಲಿ ಮನುಷ್ಯರಿಲ್ಲ. ಕಟ್ಟುವವರಿಲ್ಲ, ಮೇಯಿಸುವವರಿಲ್ಲ, ನೀರು ಕುಡಿಸುವವರಿಲ್ಲ. ಆ ಭೂಮಿಗೆ ನಾವು ಹೆಸರಿಡಲಿಲ್ಲ. 'ಆ ಕಡೆ' ಅನ್ನುತ್ತಿದ್ದೆವು. ಮುಂಜಾನೆ ಜೀಪು ಹತ್ತಿದ ಕೂಡಲೇ ದಸ್ತಗೀರ ಕನ್ನಡಿಯಲ್ಲಿ ನೋಡಿ ಕೇಳುತ್ತಿದ್ದ, "ಆ ಕಡೆ ಏನ ಸುದ್ದಿ ಸಿಸ್ಟರ್ರ?"

ಮೊದಲ ಪ್ರಾಣಿ ಮುದ್ದಿ. ಕಣ್ಣಿಲ್ಲ, ಬಾಯಿಲ್ಲ, ಹೊಟ್ಟೆಯಿಂದ ಮಣ್ಣು ಹೀರಿಕೊಂಡು ಬದುಕುವ ಒಂದು ಉಂಡೆ. ದಸ್ತಗೀರ ಅದರ ಮರಿಗೆ ನಾಲ್ಕು ಗಾಲಿ ಹಚ್ಚಬೇಕೆಂದ. ಗಾಲಿ ತಿರುಗಿದರೆ ಅದರೊಳಗೆ ರಕ್ತ ಹೋಗುವುದು ಹೇಗೆ, ನರ ಹೊರಳುವುದಿಲ್ಲವೇ ಅಂತ ಸಿಸ್ಟರ್ ತಕರಾರು ತೆಗೆದರು. ಅವನು ವಾರವಿಡೀ ಗೇರು ಬದಲಿಸುತ್ತ ಯೋಚಿಸಿ, ಮೈಯೇ ಗಾಲಿಯಾದ ಪ್ರಾಣಿ ಮಾಡಿದ. ಅದರ ಹೆಸರು ಉರುಳಿ. ಇಳಿಜಾರಿನಲ್ಲಿ ಅದಕ್ಕೆ ಸಮ ಯಾರಿಲ್ಲ. "ಮತ್ತ ಮ್ಯಾಲ ಹ್ಯಾಂಗ ಏರತೈತಿ?" ಅಂತ ಕಾಕಾ ಕೇಳಿದಾಗ ಅವನು ಹಾರ್ನು ಹೊಡೆದ. ಹಾಗಾಗಿ ಆ ಕಡೆಯ ಉರುಳಿಗಳೆಲ್ಲ ಹೋಗಿ ಹೋಗಿ ಒಂದೇ ತಗ್ಗಿನಲ್ಲಿ ಜಮಾ ಆದವು.

ಕಾಕಾರದು ಇನ್ನೊಂದು ತೊಡಕು. ಒಡೆಯನಿಲ್ಲದ ಪ್ರಾಣಿ ಅವರ ತಲೆಯೊಳಗೆ ಹೋಗುತ್ತಲೇ ಇರಲಿಲ್ಲ. ಮೊದಲು ಉಣ್ಣೆ ಕೊಟ್ಟರು. ಕತ್ತರಿಸುವವರು ಯಾರು ಅಂದರೆ ತಮ್ಮ ಕೈ ನೋಡಿಕೊಂಡರು. ತಾನೇ ಉದುರಲಿ ಅಂತ ಸಿಸ್ಟರ್ ಅಂದಾಗ, ಅಷ್ಟು ಚಲೋ ಉಣ್ಣೆ ಗಾಳಿಗೆ ಹೋಗುವುದನ್ನು ನೆನೆದು ಅವರಿಗೆ ನಿಜವಾಗಿ ಹೊಟ್ಟೆ ಉರಿಯಿತು. ಮುಂದಿನ ಸಲ ಅವರು ಮಾಡಿದ ಮರಿ ಹುಟ್ಟುವಾಗಲೇ ಎಡಗಿವಿಯ ತುದಿ ಸೀಳಿತ್ತು.

"ಯಾಕ ಕಾಕಾ, ಕಿವಿ ಯಾಕ ಸೀಳೇತಿ?"

"ಗುರುತು ಬ್ಯಾಡೇನ ಯವ್ವಾ? ಮಂದ್ಯಾಗ ತಪ್ಪಿಸಿಕೊಂಡ್ರ ಯಾರದಂತ ಹುಡಕೂದು?"

ಸಿಸ್ಟರ್ ಆ ದಿನ ನಕ್ಕದ್ದನ್ನು ಹೇಳಿದರೆ ಶ್ರದ್ಧಾಂಜಲಿ ಸಭೆಯವರು ನಂಬುತ್ತಿರಲಿಲ್ಲ. ನೀಲಿ ಡಬ್ಬಿ ತಬ್ಬಿಕೊಂಡು ಮುಂದಿನ ಸೀಟಿಗೆ ಹಣೆ ಹಚ್ಚಿ ನಕ್ಕರು. ಆಮೇಲೆ, ಮುದುಕರ ಮನಸ್ಸು ನೋಯಿಸಬಾರದೆಂದು, ಆ ಸೀಳಿನಲ್ಲಿ ಗಾಳಿ ಹೊಕ್ಕು ಸಪ್ಪಳವಾಗುತ್ತದೆ, ಅದರಿಂದ ಗಾಳಿ ಯಾವ ಕಡೆಯದು ಅಂತ ಅದಕ್ಕೆ ತಿಳಿಯುತ್ತದೆ ಎಂದು ತೀರ್ಪು ಕೊಟ್ಟರು. ಕಾಕಾ ಮೀಸೆ ತಿರುವಿದರು. ನಾನೂ ಏನು ಕಡಿಮೆಯಿರಲಿಲ್ಲ. ನನ್ನ ಪಾಳಿಯಲ್ಲಿ ಆ ಪ್ರಾಣಿಗಳು ಸಾಲು ಹಿಡಿದು ನಡೆಯುವ ಹಾಗೆ ಮಾಡಿದೆ. "ಅಕ್ಕೋರ, ಪ್ರಾರ್ಥನಾನೂ ಹೇಳಸ್ತೀರೇನ ಅವಕ್ಕ?" ಅಂದರು ಸಿಸ್ಟರ್.

ನಾಲ್ಕೈದು ತಿಂಗಳಾದ ಮೇಲೆ ಅವರು ತಮ್ಮದೇ ಒಂದು ಪ್ರಾಣಿ ತಂದರು. ಬೋಳುಗುಡ್ಡದ ನೆತ್ತಿಯ ಬಂಡೆಗೆ ಅಂಟಿಕೊಂಡ, ರೊಟ್ಟಿಯಷ್ಟು ಅಗಲದ ಜೀವ. ಬಿಸಿಲು ಉಂಡು ಬದುಕುತ್ತದೆ. ನೀರು ಬೇಡ. ಗಂಡು ಹೆಣ್ಣು ಇಲ್ಲ. ವಯಸ್ಸಾದಾಗ ಅಂಚಿನ ಒಂದು ಚೂರು ಮುರಿದು ಗಾಳಿಗೆ ಹಾರಿ ಬೇರೆ ಬಂಡೆ ಹಿಡಿಯುತ್ತದೆ, ಆಮೇಲೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಷ್ಟೆಲ್ಲ ಪಡೆದದ್ದಕ್ಕೆ ಅದು ಕೊಟ್ಟದ್ದು ಕಣ್ಣು, ಕಾಲು, ದನಿ. ಹೆಸರು ಸುಮ್ಮಿ.

"ಮತ್ತ ಅದು ದಿನಾ ಏನ ಮಾಡತೈತ್ರಿ?" ಅಂದ ದಸ್ತಗೀರ.

"ಸುಮ್ಮ ಇರತೈತಿ."

ಅದರ ಮರಿ ಮಾಡುವ ಪಾಳಿ ಬೀರಪ್ಪಕಾಕಾರಿಗೆ ಬಂತು. ಕಾಕಾ ಬಹಳ ಪ್ರೀತಿಯಿಂದ ಯೋಚಿಸಿಕೊಂಡು ಬಂದಿದ್ದರು. ಮುರಿದ ಚೂರು ಹಾರಿಹೋಗುವುದಿಲ್ಲ, ಅವ್ವನ ಬೆನ್ನಿಗೇ ಅಂಟಿಕೊಳ್ಳುತ್ತದೆ, ಅವ್ವ ಉಂಡ ಬಿಸಿಲಿನಲ್ಲಿ ಅರ್ಧ ಅದಕ್ಕೆ. ಹೇಳಿ ಮುಗಿಸಿ ಶಾಭಾಸಗಿರಿಗಾಗಿ ಹಿಂದೆ ತಿರುಗಿದರು. ಸಿಸ್ಟರ್ ಮುಖ ಬಿಳುಪೇರಿತ್ತು.

"ಅದಕ್ಕ ಮರಿ ಬ್ಯಾಡ್ರಿ ಕಾಕಾ."

"ಮರಿ ಇಲ್ಲಂದ್ರ ಹ್ಯಾಂಗ ಯವ್ವಾ? ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನ? ಏನರ ಆಕ್ಕೈತಿ."

"ಬ್ಯಾಡ ಅಂದ್ನಲ್ರಿ."

ಉಪಕೇಂದ್ರ ಬರುವ ತನಕ ಅವರು ಹೊರಗೆ ಜಾಲಿಗಿಡಗಳನ್ನು ನೋಡುತ್ತ ಕೂತರು, ಇಳಿಯುವಾಗ ಹೋಗಿಬರ್ತೀನಿ ಅನ್ನಲಿಲ್ಲ.

ಸಂಜೆ ಜತ್ತದಲ್ಲಿ ಇಳಿದು ನಾವಿಬ್ಬರೂ ಕಾಯಿಪಲ್ಲೆ ತೆಗೆದುಕೊಂಡು ನಡೆಯುತ್ತಿದ್ದಾಗ ಅವರಾಗಿಯೇ ಹೇಳಿದರು. ಗಂಡನಿಗೆ ಲಕವಾ ಹೊಡೆದು ಹಾಸಿಗೆ ಹಿಡಿದಿದ್ದಾರೆ ಅನ್ನುವುದು ನನಗೆ ಗೊತ್ತಿತ್ತು, ಅದರ ಒಳಗು ಗೊತ್ತಿರಲಿಲ್ಲ. ಬಲಭಾಗ ಪೂರ್ತಿ ಹೋಗಿತ್ತು, ಮಾತು ಹೋಗಿತ್ತು. ಹಗಲು ನಾದಿನಿ ಬಂದು ನೋಡಿಕೊಳ್ಳುತ್ತಿದ್ದಳು. ಉಳಿದದ್ದೆಲ್ಲ ಇವರದು. ಬೆನ್ನಿಗೆ ಹುಣ್ಣು ಬೀಳಬಾರದೆಂದು ಎರಡು ತಾಸಿಗೊಮ್ಮೆ ಮಗ್ಗುಲು ಹೊಳ್ಳಿಸಬೇಕು, ಹಗಲಿರಲಿ ರಾತ್ರಿಯಿರಲಿ. ಮಗಳು ಹನ್ನೆರಡನೇ ತರಗತಿಯಲ್ಲಿ ಇದ್ದಾಗಿನಿಂದ ಅವರು ಒಂದು ರಾತ್ರಿಯೂ ಪೂರ್ತಿ ಮಲಗಿರಲಿಲ್ಲ. ಮನೆ ಬಿಟ್ಟು ಊರಿಗೆ ಹೋದರೆ ಅಲ್ಲಿ ಬಸಿರಿಯರು, ಬಾಣಂತಿಯರು, ಜ್ವರದ ಕೂಸುಗಳು.

"ನಡುವ ಈ ಗಾಡಿ ಐತಲ್ರಿ ಅಕ್ಕೋರ, ಹೋಗಾಕ ಮುಕ್ಕಾಲ ತಾಸು, ಬರಾಕ ಮುಕ್ಕಾಲ ತಾಸು. ಅಷ್ಟ ನಂದು. ಅಷ್ಟರಾಗ ನನ್ನ ಯಾರೂ ಕರೀಬಾರದು. ಯಾರೂ ಬ್ಯಾಡಂತ ಇರೂವಂಥಾ ಒಂದರ ಜೀವ ಇರ್ಲಿ ಅಂತ ಆ ಸುಮ್ಮೀನ ಮಾಡಿದ್ನಿ. ಕಾಕಾ ಅದಕ್ಕೂ ಒಂದು ಮರಿ ತಂದು ಹೊರಿಸಿದ್ರು. ನನಗ ಅಳೂನ ಬಂತು."

ಗಂಡನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಇತ್ತು, ಅದೇ ತೊಂದರೆ. ಇಲ್ಲದಿದ್ದರೆ ನಾದಿನಿಗೆ ಬಿಟ್ಟು ಕಣ್ಣು ಮುಚ್ಚುತ್ತಿದ್ದರು. ಅವತ್ತು ನನಗೆ ಜೀಪಿನಲ್ಲಿ ಅವರು ಯಾಕೆ ಯಾರ ನಾಲಿಗೆಯನ್ನೂ ನೋಡುವುದಿಲ್ಲ ಅನ್ನುವುದು ತಿಳಿಯಿತು, ಮತ್ತು ಸಂಕಟವಾಯಿತು.

ಮರುದಿನ ಸಿಸ್ಟರ್ ಬರುವ ಮೊದಲು ಕಾಕಾರಿಗೆ ಅಷ್ಟನ್ನು ಹೇಳಿದೆ. ಸಿಸ್ಟರ್ ಹತ್ತಿ ಕೂತ ಮೇಲೆ, ಕಾಕಾ ಮುಂದೆ ನೋಡುತ್ತಲೇ ಹೇಳಿದರು, "ಯವ್ವಾ, ನಿನ್ನಿ ನಾ ಹೇಳಿದ್ದು ತಪ್ಪಾತು. ಸುಮ್ಮಿ ಚೂರು ಮುರಕೊಂಡು ಹಾರಿ ಹೊಕ್ಕೈತಿ. ಅವ್ವ ಅದನ್ನ ಹೊಳ್ಳಿ ನೋಡೂದಿಲ್ಲ." ಹಾಲು ಕುಡಿಯುವ ಕುರಿಮರಿಯನ್ನು ಎದೆಗೆ ಅವುಚಿಕೊಂಡು ಮಳೆಯಲ್ಲಿ ಮೈಲಿಗಟ್ಟಲೆ ನಡೆದ ಮನುಷ್ಯನ ಬಾಯಿಂದ ಆ ಮಾತು ಬಂತು. ಸಿಸ್ಟರ್ ಕೈ ಚಾಚಿ ಅವರ ಮಣಿಕಟ್ಟು ಹಿಡಿದುಕೊಂಡರು.

ಇಷ್ಟರಲ್ಲಿ ಇನ್ನೊಂದು ಕಡೆಯಿಂದ ಕೇಡು ಬರುತ್ತಿತ್ತು. ಆ ಕಡೆಯ ಹವಾ, ಅಂದರೆ ಮಳೆ ಬಿಸಿಲು, ಯಾರು ಹೇಳಬೇಕು ಅನ್ನುವುದಕ್ಕೆ ಸಿಸ್ಟರ್ ಒಂದು ಪದ್ಧತಿ ಮಾಡಿದ್ದರು. ನಮ್ಮಲ್ಲೇ ಯಾರಾದರೂ ಹೇಳಿದರೆ ತಮ್ಮ ಪ್ರಾಣಿಗೆ ಅನುಕೂಲವಾಗುವ ಹಾಗೆ ಹೇಳುತ್ತಾರೆ. ಅದಕ್ಕೇ ಸೋಮವಾರ ಮುಂಜಾನೆ ಜೀಪಿಗೆ ಎಲ್ಲರಿಗಿಂತ ಕೊನೆಗೆ ಯಾರು ಹತ್ತುತ್ತಾರೋ ಅವರನ್ನು ಕೇಳುವುದು: ಒಂದು ಊರು ಐತಿ, ಅಲ್ಲಿ ಈ ವಾರ ಹವಾ ಹ್ಯಾಂಗ ಇರ್ಲಿ? ನಮ್ಮ ಒಂದು ವಾರ ಅಂದರೆ ಆ ಕಡೆ ಸಾವಿರ ವರ್ಷ. ಪದ್ಧತಿ ನ್ಯಾಯವಾದದ್ದೇ. ಆದರೆ ನಾವು ಇರುವುದು ಜತ್ತದಲ್ಲಿ ಅನ್ನುವುದು ನಾಲ್ವರಿಗೂ ಮರೆತುಹೋಗಿತ್ತು. ಮಳೆಯೇ ಕಾಣದ ಜತ್ತ ತಾಲೂಕಿನ ಮನುಷ್ಯನನ್ನು ಹವಾ ಹ್ಯಾಂಗ ಇರ್ಲಿ ಅಂತ ಕೇಳಿದರೆ ಅವನು ಏನು ಹೇಳುತ್ತಾನೆ?

"ಮಳಿ ಬರ್ಲಿ." ಬುಟ್ಟಿಯ ಮುದುಕಿ ಅಂದಳು. "ಮಳಿ, ಮತ್ತೇನ?" ಪೈಪು ಹೊತ್ತ ಹುಡುಗ ಅಂದ. ಹೊಸದಾಗಿ ಮದುವೆಯಾದವಳೊಬ್ಬಳು ನಾಚಿಕೊಂಡು, ಗಂಡನ ಕಡೆ ನೋಡಿ, ಮಳಿ ಅಂದಳು. ಬೇರೆ ಯಾರೂ ಬೇರೆ ಏನೂ ಹೇಳಲಿಲ್ಲ. ಯಾರ ಊರೋ ಏನೋ, ಅಲ್ಲಿಯಾದರೂ ಸುರಿಯಲಿ ಅಂತ ಮನಸಾರೆ ಹರಸಿ ಕೂಡುತ್ತಿದ್ದರು. ಆ ಕಡೆ ಸಾವಿರಾರು ವರ್ಷ ಬಿಡದೆ ಸುರಿಯಿತು. ತಗ್ಗು ತುಂಬಿತು, ಉರುಳಿಗಳು ಒಂದೊಂದಾಗಿ ಮುಳುಗಿದವು. ಕೊನೆಗೆ ಒಂದನ್ನು ಮಾತ್ರ ಒಂದು ಮರದ ಬೊಡ್ಡೆಯ ಮೇಲೆ ಉಳಿಸಿಕೊಡಿ ಅಂತ ದಸ್ತಗೀರ ಸಿಸ್ಟರ್ ಹತ್ತಿರ ಬೇಡಿಕೊಂಡ. ಆ ದಿನ ಅವನು ಟೇಪಿನಲ್ಲಿ ಹಾಡು ಹಚ್ಚಲಿಲ್ಲ. ಸೀಳುಗಿವಿಯವು ಸಾಲುಹಿಡಿದೇ ನೀರಿಗೆ ಇಳಿದು ಸತ್ತವು, ಅದು ನನ್ನ ಶಿಸ್ತಿನ ಫಲ. ನೀರು ಗುಡ್ಡ ಏರತೊಡಗಿತು. ನೆತ್ತಿಯ ಮೇಲೆ, ನೀರೇ ಬೇಡದ ಸುಮ್ಮಿ.

ಆ ವರ್ಷ ಸಿಸ್ಟರ್ ನಿವೃತ್ತಿಯಾಗುವವರಿದ್ದರು. ನಿವೃತ್ತಿಯೆಂದರೆ ಎಲ್ಲರಿಗೂ ವಿಶ್ರಾಂತಿ, ಅವರಿಗೆ ಜೀಪು ಹೋಗುವುದು. ಅದನ್ನು ಬಾಯಿಬಿಟ್ಟು ಆಡದಿದ್ದರೂ ನಮಗೆ ಮೂವರಿಗೂ ಗೊತ್ತಿತ್ತು, ಅದಕ್ಕೆ ಸುಮ್ಮಿಯಾದರೂ ಉಳಿಯಲಿ ಅಂತ ನಾವು ಒಂದು ಮೋಸ ಹೂಡಿದೆವು. ಯಳವಿ ಅನ್ನುವ ಊರಿನವನೊಬ್ಬ ಬೆಳುಂಕಿ ದಾರಿಯಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡು ಇಟ್ಟಿದ್ದ. ಇಡೀ ತಾಲೂಕಿನಲ್ಲಿ ಮುಗಿಲು ಕಪ್ಪಾದರೆ ಎದೆ ಒಡೆದುಕೊಳ್ಳುವವನು ಅವನೊಬ್ಬನೇ ಇರಬೇಕು. ಸೋಮವಾರ ಅವನು ಬರುವ ತನಕ ಸೀಟು ತುಂಬಿದ್ದರೂ ದಸ್ತಗೀರ ಜೀಪು ಬಿಡಲಿಲ್ಲ, ಟಾಯರ್ ನೋಡಿದ, ಬಾನೆಟ್ ಎತ್ತಿದ. ಆ ಮನುಷ್ಯ ಬಂದು ಹತ್ತಿದವನೇ, ಕೇಳಿದ್ದಕ್ಕೆ ಕೈ ಮುಗಿದು, "ಒಂದ ಹನಿ ಬೀಳಬಾರದ ನೋಡ್ರಿ" ಅಂದ. ನನಗೆ ಸಾಲೆಗೆ ತಡವಾಗಿ ಮುಖ್ಯಾಧ್ಯಾಪಕರಿಂದ ಬೈಗುಳ ಬಿತ್ತು. ಎರಡನೇ ಸೋಮವಾರವೂ ಹೀಗೇ ಆದಾಗ ಸಿಸ್ಟರ್‌ಗೆ ಸಂಶಯ ಬಂತು.

"ಇದು ಮೋಸ ನೋಡ್ರಿ. ಹವಾ ಯಾರ ಮಾತೂ ಕೇಳಬಾರದು. ಕೇಳಿದ್ರ ಅದು ಈ ಕಡೆಯಾತು, ಆ ಕಡೆ ಅಲ್ಲ."

"ನಿಮ್ಮ ಸಲುವಾಗೇ ಮಾಡಿದ್ವಿ ಸಿಸ್ಟರ್ರ," ಅಂದ ದಸ್ತಗೀರ.

"ಗೊತ್ತೈತೋ ತಮ್ಮಾ. ಆದ್ರೂ ಬ್ಯಾಡ."

ಮೂರನೇ ಸೋಮವಾರ ಒಬ್ಬ ಅಜ್ಜಿ ಕೊನೆಗೆ ಹತ್ತಿದಳು. ಮಳೆ ಬಂತು. ನೀರು ಬಂಡೆ ಮುಟ್ಟಿತು, ಸುಮ್ಮಿಯ ಮರಿ ಮಾಡುವ ಪಾಳಿ ನನ್ನದು. ನಾನು ಅದರ ಮೇಲೆ ಎಷ್ಟು ತಲೆ ಕೆಡಿಸಿಕೊಂಡೆನೆಂದರೆ ಮನೆಯಲ್ಲಿ ಎರಡು ದಿನ ಸಾರಿಗೆ ಉಪ್ಪಿರಲಿಲ್ಲ. ಕೊನೆಗೆ ಅದರ ಮೈಯೊಳಗೆ ಗಾಳಿ ತುಂಬಿದೆ. ಬದಲಿಗೆ ಬಂಡೆಯನ್ನು ಹಿಡಿಯುವ ಶಕ್ತಿ ಕಸಿದುಕೊಂಡೆ. ಅದು ಬಂಡೆ ಬಿಟ್ಟು ತೇಲಿತು.

"ಇರ್ಲಿ ಬಿಡ್ರಿ. ತೇಲಲಿ," ಅಂದರು ಸಿಸ್ಟರ್.

ದಸ್ತಗೀರ ತನ್ನ ಪಾಳಿ ಬಂದ ಕೂಡಲೇ, ಉಳಿದಿದ್ದ ಒಂದೇ ಒಂದು ಉರುಳಿಯನ್ನು ತಂದು ಸುಮ್ಮಿಯ ಬೆನ್ನ ಮೇಲೆ ಇಟ್ಟ. ಸಮತಟ್ಟಾದ ಬೆನ್ನು, ಎಲ್ಲಿಗೂ ಉರುಳಿ ಹೋಗುವ ಭಯವಿಲ್ಲ. ಅದನ್ನು ನೋಡಿ ಕಾಕಾ ಒಂದಿಷ್ಟು ಹುಲ್ಲು ಹಾಕಿದರು. ಒಂದೆರಡು ತಿಂಗಳಲ್ಲಿ ಆ ಕಡೆ ಉಳಿದ ಜೀವಗಳೆಲ್ಲ ಸುಮ್ಮಿಗಳ ಮೇಲೆ ಹತ್ತಿ ಕೂತಿದ್ದವು, ಬೇರೆ ನೆಲ ಅನ್ನುವುದೇ ಉಳಿದಿರಲಿಲ್ಲ. ಸಿಸ್ಟರ್ ಹಣೆ ಗಟ್ಟಿಸಿಕೊಂಡರು. "ಯಾರೂ ಬ್ಯಾಡಂತ ಮಾಡಿದ್ರ ನನ್ನ ಸುಮ್ಮಿ ಮ್ಯಾಲ ಉಪಕೇಂದ್ರ ತಗದೀರಲ್ರೋ." ಬೈದದ್ದು ನಗುತ್ತಲೇ. ಆ ನಗುವಿನಲ್ಲಿ ಸೋತ ದನಿ ಇತ್ತು, ನನಗೆ ಕೇಳಿಸಿತು.

ನಿವೃತ್ತಿಯ ದಿನ ಊರವರು ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ಜೀಪಿನ ತನಕ ಬಂದು ಕಳಿಸಿದರು. ಅದರ ಮುಂದಿನ ಸೋಮವಾರ ಮುಂಜಾನೆ ನಾನು ಸ್ಟ್ಯಾಂಡಿಗೆ ಹೋದರೆ ಅವರು ತಮ್ಮ ಸೀಟಿನಲ್ಲಿ ಕೂತಿದ್ದರು. ಅದೇ ಸ್ವೆಟರ್. ಡಬ್ಬಿ ಇರಲಿಲ್ಲ, ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಮನ್ಯಾಗ ಲಸಿಕಿ ಹಾಕಾಕ ಕರದಾರಂತ ಹೇಳಿ ಬಂದೀನ್ರಿ. ನಾದಿನಿ ದಿನಾ ಬಂದಂಗ ಬಂದಾಳ."

ಬೆಳುಂಕಿಯ ತನಕ ಬಂದು, ದಸ್ತಗೀರ ಮರಳುವ ಸೀಟು ತುಂಬಿಸುವಷ್ಟು ಹೊತ್ತು ಬೇವಿನ ನೆರಳಿನಲ್ಲಿ ಜೀಪಿನಲ್ಲೇ ಕೂತು, ಅದರಲ್ಲೇ ಜತ್ತಕ್ಕೆ ಮರಳುತ್ತಿದ್ದರು. ವಾರಕ್ಕೆರಡು ಸಲ, ಮೂರು ಸಲ. ಊರ ಬಾಯಿಗೆ ಹೊಲಿಗೆ ಹಾಕಲಿಕ್ಕೆ ಆಗುತ್ತದೆಯೇ? ನಿವೃತ್ತಿಯಾದಾಕೆ ದಿನಾ ಎಲ್ಲಿಗೆ ಹೋಗುತ್ತಾಳೆ ಅಂತ ಮಾತು ಬಂತು. ನಾದಿನಿ ನನ್ನನ್ನು ಸಂತೆಯಲ್ಲಿ ಹಿಡಿದು ಕೇಳಿದಳು. "ಹೊಸಾ ನರ್ಸ ಹುಡಿಗಿಗೆ ಇನ್ನೂ ಊರು ಗೊತ್ತಿಲ್ಲ, ಇವರಿಲ್ಲದ ಹ್ಯಾಂಗ ನಡೀತೈತಿ?" ಅಂದೆ. ಇಷ್ಟು ವರ್ಷ ಮಕ್ಕಳಿಗೆ ಸತ್ಯದ ಪಾಠ ಹೇಳಿದ ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನನಗೇ ಖುಷಿಯಾಯಿತು. ಗಂಡನಿಗೆ ಮಾತ್ರ ನಿಜ ಗೊತ್ತಿತ್ತೆಂದು ಸಿಸ್ಟರ್ ಹೇಳುತ್ತಿದ್ದರು. ಸೀರೆ ಉಟ್ಟು ನಿಂತರೆ ಅವರು ಆಡುವ ಎಡಗೈಯನ್ನು ಬಾಗಿಲ ಕಡೆ ಮಾಡುತ್ತಿದ್ದರಂತೆ, ಹೋಗು ಅಂತ.

ಆ ಗಂಡ ಒಂದು ಚಳಿಗಾಲದಲ್ಲಿ ತೀರಿಕೊಂಡರು. ನಾವು ಮೂವರೂ ಮಣ್ಣಿಗೆ ಹೋಗಿದ್ದೆವು. ಒಂದಿಷ್ಟು ದಿನಗಳಾಗಲಿ, ಜೀಪಿಗೆ ಬರುತ್ತಾರೆ ಅಂದುಕೊಂಡೆವು. ಬರಲಿಲ್ಲ. ದಸ್ತಗೀರ ಅವರ ಸೀಟನ್ನು ಸ್ವಲ್ಪ ದಿನ ಖಾಲಿ ಬಿಟ್ಟ, ಆಮೇಲೆ ಮಂದಿ ಕೂರತೊಡಗಿದರು. ಆಟವನ್ನು ನಾವು ಮೂವರೇ ಆಡಲು ನೋಡಿದೆವು, ರುಚಿ ಹತ್ತಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾನು ಅವರ ಮನೆಗೆ ಹೋದೆ. ಮಗಳು ಕೆಲಸ ಹುಡುಕಲು ಸಾಂಗ್ಲಿಗೆ ಹೋಗಿದ್ದಳು, ಸಂಜೆ ಬರುವವಳಿದ್ದಳು. ಪಡಸಾಲೆಯಲ್ಲಿ ಎರಡು ಮಂಚ. ಒಂದರ ಮೇಲಿನ ಗಾದಿ ಸುತ್ತಿ ಇಟ್ಟಿತ್ತು, ಹಗ್ಗದ ಹೆಣಿಗೆ ಬರಿದಾಗಿ ಕಾಣುತ್ತಿತ್ತು. ಸಿಸ್ಟರ್ ಮೊದಲಿಗಿಂತ ಗಿಡ್ಡವಾದಂತೆ ಅನ್ನಿಸಿತು. ಚಹಾ ಕೊಟ್ಟರು. ಗಾಡಿಗೆ ಬರ್ರಿ, ಈಗ ಯಾರಿಗೂ ಸುಳ್ಳ ಹೇಳೂದು ಬ್ಯಾಡ ಅಂದೆ.

"ಮುಂಜಾನಿ ಸೀರಿ ಉಟಗೊಂಡು ನಿಂದರತೀನ್ರಿ," ಅಂದರು. "ಆದ್ರ ಹೋಗು ಅನ್ನಾವರು ಇಲ್ಲ. ಕಾಲ ಏಳೂದಿಲ್ಲ."

ಆಮೇಲೆ, ತಮ್ಮದೇ ಮಣಿಕಟ್ಟು ಹಿಡಿದುಕೊಂಡು ಹೇಳಿದರು, "ನಿದ್ದಿ ಇಲ್ಲರಿ ಅಕ್ಕೋರ. ಈಗರ ಮಲಗಬೇಕಲ್ಲ? ಆಗೂದಿಲ್ಲ. ಎರಡ ತಾಸಿಗೊಮ್ಮಿ ತಾನ ಎಚ್ಚರ ಆಗತೈತಿ, ಹೊಳ್ಳಸಬೇಕಂತ ಎದ್ದು ಹೋಗತೀನಿ. ಹೋಗಿ ನೋಡಿದ್ರ ಹಗ್ಗ. ಮತ್ತ ಬಂದು ಕುಂದ್ರತೀನಿ. ಗುಳಗಿ ತಗೊಂಡ್ನಿ, ಏನೂ ಆಗಲಿಲ್ಲ. ಮಗಳಿಗೆ ಹೇಳಿದ್ರ ಹೆದರತಾಳ."

ಕಪ್ಪು ಕೆಳಗಿಟ್ಟು ಏಳಲು ಹೋದೆ. ಅವರು ನನ್ನ ಸೆರಗು ಹಿಡಿದರು. ಅಷ್ಟು ವರ್ಷದಲ್ಲಿ ಅವರು ನನ್ನಿಂದ ಏನನ್ನೂ ಕೇಳಿರಲಿಲ್ಲ.

"ಲಗೂನ ಹೋಗಬ್ಯಾಡ್ರಿ. ಒಂದೀಟ ಕುಂದ್ರಿ. ನೀವ ಎಚ್ಚರ ಇರ್ರಿ, ನಾ ಅಡ್ಡಾಕ್ಕೀನಿ. ಮನ್ಯಾಗ ಎಚ್ಚರಿದ್ದಾವರು ಒಬ್ಬರು ಇದ್ರ ನಿದ್ದಿ ಬರತೈತೇನೋ."

ಕೂತೆ. ಅವರು ಇನ್ನೊಂದು ಮಂಚದ ಮೇಲೆ ಮಲಗಿದರು, ಸ್ವೆಟರ್ ಕೂಡ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೇ ಉಸಿರು ನಿಧಾನವಾಯಿತು. ಹೊರಗೆ ಹಳೇ ಸಾಮಾನಿನವನು ಕೂಗಿಕೊಂಡು ಹೋದ. ನೊಣ ಹೊಡೆಯುತ್ತ, ಬಾಗಿಲ ಬಿಸಿಲು ನೆಲದ ಮೇಲೆ ಸರಿಯುವುದನ್ನು ನೋಡುತ್ತ ಕೂತಿದ್ದೆ. ನನ್ನ ಮಂಡಿ ಹಿಡಿದುಕೊಂಡಿತ್ತು, ಆದರೂ ಏಳಲಿಲ್ಲ. ಹೀಗೆ ಬಹಳ ಹೊತ್ತಾದ ಮೇಲೆ ಅವರ ಮೈ ಒಮ್ಮೆಲೇ ನಡುಗಿತು. ಕಣ್ಣು ಮುಚ್ಚಿದ್ದಂತೆಯೇ ಅರ್ಧ ಎದ್ದು, ಆ ಬರಿ ಮಂಚದ ಕಡೆ ಎರಡೂ ಕೈ ಚಾಚಿದರು.

"ನಾ ಹೊಳ್ಳಿಸೀನ್ರಿ," ಅಂದೆ. "ಈಗ ಹೊಳ್ಳಿಸಿ ಬಂದ್ನಿ. ನೀವ ಮಲಗ್ರಿ."

"ಹೌದ್ರೆ?" ಅಂದರು. ಕೈಗಳು ಕೆಳಗೆ ಇಳಿದವು. ಗೋಡೆಯ ಕಡೆ ಮಗ್ಗುಲಾಗಿ, ದೀಪ ಹಚ್ಚುವ ಹೊತ್ತಿನ ತನಕ ಮಲಗಿದರು.